ಕೊಟ್ಟದ್ದು ಸಂಬಳವೋ, ಮುಂಗಡವೋ?

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದಾಗ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಎರಡನೆಯ ಬೆಳೆಯ ಭತ್ತ ಕೊಯ್ಲಿಗೆ ದಿನ ಎಣಿಸುತ್ತಿತ್ತು. ರಾಯಚೂರು ಜಿಲ್ಲೆಯಲ್ಲಿ ಅಂದಿಗೆ ಕೋವಿಡ್ ಸೋಂಕಿನ ಒಂದು ಪ್ರಕರಣವೂ ಇರಲಿಲ್ಲ. ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಲಯಗಳ ಪಟ್ಟಿಯಲ್ಲಿಯೂ ಜಿಲ್ಲೆ ಹಸಿರು ವಲಯದಲ್ಲಿಯೇ ಇತ್ತು. ಸೋಂಕು ಇಲ್ಲಿ ಕಾಣಿಸಿಕೊಂಡದ್ದು ಆ ತಿಂಗಳು ಅರ್ಧ ಕಳೆದ ಮೇಲೆ, ಹೊರ ಊರುಗಳಿಂದ ಮರಳಿದವರ ಮೂಲಕ. ಆದರೆ ಕೆಲಸ ಉಳಿಯುವುದೋ ಇಲ್ಲವೋ ಎಂಬ ಭಯಕ್ಕೆ ಯಾವ ವಲಯದ ಹಂಗೂ ಇರಲಿಲ್ಲ. ಅದು ಮಾರ್ಚ್ 25ರ ಬೆಳಿಗ್ಗೆಯೇ ಮನೆಮನೆಗೆ ಬಂದಿತ್ತು.

ಸಿಂಧನೂರು ತಾಲ್ಲೂಕಿನ ಗೊರೇಬಾಳವನ್ನೇ ನೋಡಬಹುದು. ಇಂತಹ ಗ್ರಾಮಗಳಲ್ಲಿ ದುಡಿಯುವ ಕೈಗಳೆಲ್ಲವೂ ಹೊಲದಲ್ಲಿಯೇ ಇರುವುದಿಲ್ಲ. ಅಕ್ಕಿ ಗಿರಣಿಯ ಯಂತ್ರ ನೋಡಿಕೊಳ್ಳುವವನು, ಎಪಿಎಂಸಿ ಪ್ರಾಂಗಣದ ಹಮಾಲ, ದಲಾಲಿ ಅಂಗಡಿಯ ಗುಮಾಸ್ತ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗ, ಗೊಬ್ಬರ-ಕೀಟನಾಶಕದ ಅಂಗಡಿಯಲ್ಲಿ ಬಿಲ್ಲು ಬರೆಯುವವಳು, ಲಾರಿಯ ಕ್ಲೀನರ್ ಇವರೆಲ್ಲರೂ ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಊರಿಗೆ ಮರಳುವವರು. ರಾಜ್ಯದಲ್ಲಿ ಸಾರಿಗೆ ನಿಗಮಗಳ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು 2020ರ ಮೇ 19ರಂದು. ಅಲ್ಲಿಯವರೆಗೆ ಸುಮಾರು ಎರಡು ತಿಂಗಳು ಕೆಲಸವಿದ್ದವನಿಗೂ ಕೆಲಸದ ಸ್ಥಳವನ್ನು ತಲುಪುವ ದಾರಿ ಇರಲಿಲ್ಲ.

ಆಹಾರ ಧಾನ್ಯದ ವಹಿವಾಟಿಗೆ ಲಾಕ್‌ಡೌನ್‌ನಿಂದ ವಿನಾಯಿತಿ ಇತ್ತು. ಆದ್ದರಿಂದ ಈ ಭಾಗದ ನೌಕರರಲ್ಲಿ ಎರಡು ಬಗೆಯ ಆತಂಕಗಳು ಅಕ್ಕಪಕ್ಕದಲ್ಲಿಯೇ ಬೆಳೆದವು. ಬಟ್ಟೆ, ಪಾತ್ರೆ, ಬಂಗಾರ, ಹೋಟೆಲು, ಲಾಡ್ಜುಗಳ ನೌಕರನಿಗೆ ಅಂಗಡಿಯ ಬಾಗಿಲು ಎಂದು ತೆರೆದೀತೆಂಬ ಚಿಂತೆ. ಮದುವೆಯ ಹಂಗಾಮು ಕಣ್ಣೆದುರಿಗೇ ಕಳೆದುಹೋಗುತ್ತಿತ್ತು. ವರ್ಷದ ದುಡಿಮೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲಿ ಬರುತ್ತದೆಂದು ಮಾಲೀಕನಷ್ಟೇ ನೌಕರನೂ ಬಲ್ಲ. ಗಿರಣಿ ಮತ್ತು ದಲಾಲಿ ಅಂಗಡಿಗಳ ನೌಕರನ ಕಷ್ಟ ಬೇರೆ. ಅವನಿಗೆ ಕೆಲಸವಿತ್ತು, ಹೋಗಲು ಭಯವಿತ್ತು, ಹೋಗದಿದ್ದರೆ ತನ್ನ ಜಾಗಕ್ಕೆ ಇನ್ನೊಬ್ಬ ಬರುವನೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಬೆಂಗಳೂರಿನ ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳು ಮುಚ್ಚಿದ್ದರಿಂದ ಅಕ್ಕಿಯ ಬೇಡಿಕೆ ಕುಸಿದು, ಲಾರಿ ಚಾಲಕರೂ ಸಿಗದೆ, ವಿನಾಯಿತಿ ಇದ್ದ ಗಿರಣಿಗಳೂ ಪೂರ್ಣ ಪ್ರಮಾಣದಲ್ಲಿ ನಡೆಯುವ ಸ್ಥಿತಿ ಇರಲಿಲ್ಲ.

ಮೂರನೆಯ ವರ್ಗವೊಂದಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು. 2020ರ ಏಪ್ರಿಲ್ ಮೊದಲ ವಾರದಲ್ಲಿ, ಬೆಂಗಳೂರಿನಿಂದ ಕಾಲ್ನಡಿಗೆಯಲ್ಲಿ ಊರಿಗೆ ಹೊರಟಿದ್ದ ಸಿಂಧನೂರು ತಾಲ್ಲೂಕಿನ ಕಾರ್ಮಿಕ ಮಹಿಳೆಯೊಬ್ಬರು ಬಳ್ಳಾರಿಯಲ್ಲಿ ಕೊನೆಯುಸಿರೆಳೆದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದಿತು. ದುಡಿದ ಕೂಲಿ ಕೈಗೆ ಬಂದಿದ್ದರೆ, ಇನ್ನೂ ಎಷ್ಟು ದಿನ ಇಲ್ಲಿ ಇರಬಹುದೆಂಬ ಮಾತು ಸ್ಪಷ್ಟವಾಗಿದ್ದರೆ, ನೂರಾರು ಕಿಲೋಮೀಟರ್ ನಡೆಯಲು ಯಾರೂ ಹೊರಡುವುದಿಲ್ಲ. ಈ ಸಾವನ್ನು ಸರ್ಕಾರದ ವೈಫಲ್ಯವೆಂದು ಬರೆದವರು ಬಹಳ. ಅದು ಕೂಲಿಯ ಲೆಕ್ಕದ ವೈಫಲ್ಯವೂ ಹೌದೆಂಬುದನ್ನು ಉದ್ಯಮ ವಲಯ ಗಮನಿಸಿದಂತೆ ಕಾಣುವುದಿಲ್ಲ.

ಕೂಲಿಯ ಲೆಕ್ಕ ಎಂದೊಡನೆ 2020ರ ಮಾರ್ಚ್ 29ರ ಆದೇಶ ನೆನಪಿಗೆ ಬರುತ್ತದೆ. ವಿಪತ್ತು ನಿರ್ವಹಣಾ ಕಾಯಿದೆಯ ಅಧಿಕಾರವನ್ನು ಬಳಸಿ ಕೇಂದ್ರ ಗೃಹ ಸಚಿವಾಲಯವು, ಕೈಗಾರಿಕೆಯಿರಲಿ ಅಂಗಡಿಯಿರಲಿ, ಎಲ್ಲ ಮಾಲೀಕರೂ ಮುಚ್ಚಿದ ಅವಧಿಗೆ ಯಾವುದೇ ಕಡಿತವಿಲ್ಲದೆ ವೇತನ ನೀಡಬೇಕೆಂದು ಅಪ್ಪಣೆ ಮಾಡಿತು. ಸಣ್ಣ ಉದ್ಯಮಿಗಳಲ್ಲಿ ಇದು ಹುಟ್ಟಿಸಿದ ಗಾಬರಿ ಅಕಾರಣವಾದುದಲ್ಲ. ಅಂದು ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ, ನೈಸರ್ಗಿಕ ವಿಕೋಪ ಮೊದಲಾದ ಕಾರಣಗಳಿಂದ ಕೆಲಸ ಕೊಡಲಾಗದ ಕಾರ್ಖಾನೆಯು ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕಿತ್ತು. 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗೆ ಹಾಗೂ ಹಂಗಾಮಿನ ಉದ್ಯಮಗಳಿಗೆ ಆ ಹೊಣೆಯೂ ಇರಲಿಲ್ಲ. ಆ ಕಾಯಿದೆ ಅರ್ಧವನ್ನೂ ಕೇಳದ ಗಿರಣಿ ಮಾಲೀಕನಿಂದ ಗೃಹ ಸಚಿವಾಲಯ ಪೂರ್ತಿಯನ್ನು ಕೇಳಿತು. ಖಜಾನೆಯಿಂದ ಬಿಡಿಗಾಸೂ ಬರಲಿಲ್ಲ. ಬ್ರಿಟನ್ ದೇಶ ಅದೇ ಕಾಲದಲ್ಲಿ ಮನೆಯಲ್ಲಿ ಕುಳಿತ ನೌಕರನ ವೇತನದ ಶೇ. 80ರಷ್ಟನ್ನು, ತಿಂಗಳಿಗೆ 2,500 ಪೌಂಡಿನ ಮಿತಿಗೆ ಒಳಪಟ್ಟು, ಸರ್ಕಾರವೇ ಭರಿಸುವ ವ್ಯವಸ್ಥೆ ಮಾಡಿತ್ತು. ಅಮೆರಿಕದಲ್ಲಿ ವೇತನಕ್ಕೆ ಬಳಸಿದರೆ ಮನ್ನಾ ಆಗುವ ಸಾಲ ಸಣ್ಣ ಉದ್ಯಮಗಳಿಗೆ ದೊರೆಯಿತು. ಇಲ್ಲಿ ದೊರೆತದ್ದು ಆದೇಶ.

ಆ ಆದೇಶ ಮೇ 18ರಿಂದ ಹಿಂದಕ್ಕೆ ಹೋಯಿತು. ಜೂನ್ 12ರಂದು ಫೈಕಸ್ ಪ್ಯಾಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾಲೀಕರೂ ಕಾರ್ಮಿಕರೂ ಕುಳಿತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಲಿ, ಅಲ್ಲಿಯವರೆಗೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಮಧ್ಯಂತರ ಆದೇಶ ನೀಡಿತು. ಮಾರ್ಚ್ 25ರಿಂದ ಮೇ 17ರವರೆಗಿನ 54 ದಿನಗಳ ವೇತನದ ಪ್ರಶ್ನೆ ಹೀಗೆ ಪ್ರತಿಯೊಂದು ಗಿರಣಿಯ, ಪ್ರತಿಯೊಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಿತು.

ಸಣ್ಣ ಪೇಟೆಯ ಮಾಲೀಕರನ್ನು ಕರುಣೆಯಿಲ್ಲದವರೆಂದು ಯಾರೂ ಹೇಳುವಂತಿಲ್ಲ. ಅಕ್ಕಿ ಕೊಟ್ಟವರಿದ್ದಾರೆ, ಔಷಧಿಯ ಖರ್ಚು ನೋಡಿದವರಿದ್ದಾರೆ, ‘ಸಾಹುಕಾರ್ರೇ, ಮನ್ಯಾಗ ಕಷ್ಟ ಐತಿ’ ಎಂದು ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸದವರೇ ಹೆಚ್ಚು. ಆದರೆ ಆ ಹಣವನ್ನು ಯಾವ ಹೆಸರಿನಲ್ಲಿ ಕೊಡಲಾಯಿತು ಎಂಬುದು ಅನೇಕ ಕಡೆ ಬಾಯಿಬಿಟ್ಟು ಹೇಳಲ್ಪಡಲಿಲ್ಲ. ಪಡೆದವನು ಅದನ್ನು ಸಂಬಳವೆಂದು ತಿಳಿದ. ಖಾತೆ ಪುಸ್ತಕದಲ್ಲಿ ಅದು ಅವನ ಹೆಸರಿಗೆ ಮುಂಗಡವೆಂದು ಖರ್ಚು ಬಿತ್ತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಕೇಳುವ ಧೈರ್ಯ ಒಬ್ಬನಿಗೆ ಇರಲಿಲ್ಲ, ಹೇಳುವ ಮನಸ್ಸು ಇನ್ನೊಬ್ಬನಿಗೆ ಬರಲಿಲ್ಲ. ಉದ್ಯೋಗದ ಅಭದ್ರತೆ, ಕೆಲಸದ ಒತ್ತಡ ಎಂಬ ದೊಡ್ಡ ಮಾತುಗಳ ಬುಡದಲ್ಲಿ ಸಣ್ಣ ಸಂಸ್ಥೆಗಳ ಮಟ್ಟಿಗೆ ಇದ್ದದ್ದು ಬಹುಪಾಲು ಈ ಮೌನವೇ.

ಲೆಕ್ಕವನ್ನು ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಿಂಗಳಿಗೆ 10,000 ರೂಪಾಯಿ ಸಂಬಳದ ಗುಮಾಸ್ತನೊಬ್ಬನಿಗೆ 2020ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೊಟ್ಟ 20,000 ರೂಪಾಯಿ ಮುಂಗಡವೆಂದು ದಾಖಲಾಯಿತೆಂದು ಭಾವಿಸೋಣ. ಜುಲೈ ತಿಂಗಳಿನಿಂದ ತಿಂಗಳಿಗೆ 2,000 ರೂಪಾಯಿಯಂತೆ ಮುರಿದುಕೊಂಡರೆ ತೀರಲು ಹತ್ತು ತಿಂಗಳು ಬೇಕು. ಕೊನೆಯ ಕಂತು ಬೀಳುವುದು 2021ರ ಏಪ್ರಿಲ್ ಸಂಬಳದಲ್ಲಿ. ಆ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಎರಡನೆಯ ಅಲೆಯ ನಿರ್ಬಂಧಗಳು ಬಂದು ಅಂಗಡಿಗಳು ಮತ್ತೆ ಮುಚ್ಚಿದವು. ಮೊದಲ ಲಾಕ್‌ಡೌನಿನ ಸಾಲ ತೀರಿಸಿದ ವಾರವೇ ಎರಡನೆಯದಕ್ಕೆ ಸಾಲ ಕೇಳಲು ನಿಂತವನ ಮನಃಸ್ಥಿತಿ ಹೇಗಿದ್ದೀತು? ಹತ್ತು ತಿಂಗಳು ಅವನು ಮನೆಗೆ ಒಯ್ದದ್ದು 8,000. ಕೆಲಸ ಮಾಡಿದ್ದು ಪೂರ್ತಿ 10,000ಕ್ಕೆ, ಅದೂ ಬಿಟ್ಟುಹೋದ ಒಬ್ಬಿಬ್ಬರ ಕೆಲಸವನ್ನೂ ಸೇರಿಸಿಕೊಂಡು.

ಮುಂಗಡ ತಪ್ಪೆಂದು ಇದರ ಅರ್ಥವಲ್ಲ. ಹಮಾಲರಿಗೆ, ಚಾಲಕರಿಗೆ, ಹಂಗಾಮಿನ ಕೆಲಸಗಾರರಿಗೆ ಮುಂಗಡ ಕೊಡುವುದು ಈ ಭಾಗದ ವ್ಯಾಪಾರದ ಹಳೆಯ ಪದ್ಧತಿ. ಅದಿಲ್ಲದೆ ಹಂಗಾಮು ನಡೆಯುವುದೂ ಇಲ್ಲ. ಆದರೆ ಮುಂಗಡಕ್ಕೆ ಕಾನೂನಿನ ಎಲ್ಲೆಯಿದೆ. ಒಂದು ಅವಧಿಯ ವೇತನದಲ್ಲಿ ಒಟ್ಟು ಕಡಿತ ಸಾಮಾನ್ಯವಾಗಿ ಶೇ. 50ನ್ನು ಮೀರಬಾರದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿ ಇತ್ತು, ಈಗಿನ ವೇತನ ಸಂಹಿತೆಯಲ್ಲಿಯೂ ಇದೆ. ಮುಂಗಡ ತೀರುವವರೆಗೆ ಬೇರೆಡೆ ಹೋಗಕೂಡದೆಂದು ತಡೆದರೆ ವಿಷಯ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯಿದೆಯ ಬಾಗಿಲಿಗೆ ಹೋಗುತ್ತದೆ. ಸದುದ್ದೇಶದಿಂದ ಕೊಟ್ಟ ಹಣಕ್ಕೆ ಇಂತಹ ಬಣ್ಣ ಬರುವುದು ಯಾವ ಮಾಲೀಕನಿಗೂ ಬೇಡವಾದ ಸಂಗತಿ.

ಮಾಲೀಕನ ಲೆಕ್ಕದಲ್ಲಾದರೂ ಇದರಿಂದ ಲಾಭವಾಯಿತೇ? ಮುಂಗಡ ಪಡೆದವರಲ್ಲಿ ಹತ್ತು ಮಂದಿ ತೀರಿಸದೆಯೇ ಕೆಲಸ ಬಿಟ್ಟರೆಂದರೆ 2 ಲಕ್ಷ ರೂಪಾಯಿ ‘ಸಿಬ್ಬಂದಿ ಮುಂಗಡ’ ಎಂಬ ಹೆಸರಿನಲ್ಲಿ ಆಸ್ತಿ-ಹೊಣೆ ಪಟ್ಟಿಯ ಆಸ್ತಿಯ ಕಡೆಯಲ್ಲಿ ಕುಳಿತಿರುತ್ತದೆ. 2021, 2022, 2023 ಎಂದು ವರ್ಷದಿಂದ ವರ್ಷಕ್ಕೆ ಅದೇ ಅಂಕಿ ಮುಂದೆ ಸಾಗುತ್ತದೆ. ಬಾರದ ಹಣ ಬರುವಂತೆ ತೋರುತ್ತದೆ. ಬ್ಯಾಂಕಿನ ಅಧಿಕಾರಿ ಅದನ್ನು ನೋಡಿದೊಡನೆ ದುಡಿಯುವ ಬಂಡವಾಳದಿಂದ ತೆಗೆದುಹಾಕುತ್ತಾನೆ. ಅದನ್ನೇ ಲಾಕ್‌ಡೌನ್ ಅವಧಿಯ ಸಂಬಳವೆಂದು ಕೊಟ್ಟು ಬರೆದಿದ್ದರೆ ಆ ವರ್ಷದ ವ್ಯಾಪಾರದ ವೆಚ್ಚವೆಂದು ಕಳೆಯಬಹುದಾಗಿತ್ತು. ಲಾಭದಲ್ಲಿದ್ದ ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ಶೇ. 31.2ರ ದರದಲ್ಲಿ 62,400 ರೂಪಾಯಿ ತೆರಿಗೆ ಆ ವರ್ಷವೇ ಉಳಿಯುತ್ತಿತ್ತು. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಈ ಲೆಕ್ಕ ಅನ್ವಯಿಸದು. ಉಳಿದವರು ತಮ್ಮ 2021ರ ಮಾರ್ಚ್ 31ರ ಪಟ್ಟಿಯನ್ನು ತೆಗೆದು ನೋಡುವುದು ಒಳ್ಳೆಯದು.

ಹೆಸರೇ ಇಲ್ಲದ ನೌಕರನ ವಿಷಯ ಇದಕ್ಕಿಂತ ಗಂಭೀರ. 20 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಕಡ್ಡಾಯ. ಈ ಮಿತಿಯ ಅಂಚಿನಲ್ಲಿರುವ ಗಿರಣಿಗಳಲ್ಲಿ ಹಾಜರಿ ಪುಸ್ತಕದ ಹೆಸರುಗಳು ಹದಿನೆಂಟರಲ್ಲಿ ನಿಲ್ಲುತ್ತವೆ, ಅಂಗಳದಲ್ಲಿ ಓಡಾಡುವವರು ಮೂವತ್ತು ಮಂದಿ ಇರುತ್ತಾರೆ. ಇದನ್ನು ಉಳಿತಾಯವೆಂದು ಕರೆಯುವ ರೂಢಿಯಿದೆ. 2020ರಲ್ಲಿ ಈ ಉಳಿತಾಯ ಏನನ್ನು ಕಳೆಯಿತೆಂದು ನೋಡಬೇಕು.

ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಪ್ಯಾಕೇಜಿನ ಅಡಿಯಲ್ಲಿ, 100 ಮಂದಿಯವರೆಗೆ ನೌಕರರಿದ್ದು ಅವರಲ್ಲಿ ಶೇ. 90ರಷ್ಟು ಮಂದಿ 15,000 ರೂಪಾಯಿಗಿಂತ ಕಡಿಮೆ ವೇತನ ಪಡೆಯುವ ಸಂಸ್ಥೆಗಳಿಗೆ, ಅಂತಹ ನೌಕರರ ಶೇ. 12 ಮತ್ತು ಮಾಲೀಕರ ಶೇ. 12 ಸೇರಿ ಶೇ. 24ರ ವಂತಿಗೆಯನ್ನು ಕೇಂದ್ರ ಸರ್ಕಾರವೇ ಕಟ್ಟಿತು. ಮೊದಲು 2020ರ ಮಾರ್ಚ್‌ನಿಂದ ಮೇವರೆಗೆ, ಅನಂತರ ಆಗಸ್ಟ್‌ವರೆಗೆ, ಒಟ್ಟು ಆರು ತಿಂಗಳು. ತಲಾ 10,000 ರೂಪಾಯಿ ಸಂಬಳದ 25 ನೌಕರರ ಗಿರಣಿಯೊಂದಕ್ಕೆ ಈ ಮೊತ್ತ ತಿಂಗಳಿಗೆ 60,000, ಆರು ತಿಂಗಳಿಗೆ 3.60 ಲಕ್ಷ ರೂಪಾಯಿ. ಇದರಲ್ಲಿ 1.80 ಲಕ್ಷ ಮಾಲೀಕನ ಹೊರೆ ಇಳಿದದ್ದು. ಉಳಿದ 1.80 ಲಕ್ಷ ನೌಕರರ ಕೈಗೆ ಹೆಚ್ಚಾಗಿ ಬಂದದ್ದು, ತಲೆಗೆ 7,200. ಸಂಬಳ ಕೊಟ್ಟೆನೆಂಬ ದೃಢೀಕರಣದೊಂದಿಗೆ ಮಾಸಿಕ ವಿವರಪಟ್ಟಿ ಸಲ್ಲಿಸಿದವರಿಗೆ ಮಾತ್ರ ಇದು ದೊರೆಯಿತು. ಅದೇ ಮಾರ್ಚ್ 28ರಿಂದ ನೌಕರನು ತನ್ನ ನಿಧಿಯಿಂದ ಮೂರು ತಿಂಗಳ ವೇತನ ಅಥವಾ ಶೇಷದ ಶೇ. 75, ಯಾವುದು ಕಡಿಮೆಯೋ ಅಷ್ಟನ್ನು ಮರುಪಾವತಿಯ ಹೊಣೆಯಿಲ್ಲದೆ ಪಡೆಯುವ ಅವಕಾಶ ಬಂದಿತು. ನಿಧಿಯಲ್ಲಿ ಹೆಸರಿದ್ದ ನೌಕರ ಸಾಹುಕಾರನ ಬಾಗಿಲಿಗೆ ಹೋಗುವ ಮೊದಲು ಹೋಗಬಹುದಾದ ಇನ್ನೊಂದು ಬಾಗಿಲಿತ್ತು. ರಾಜ್ಯ ವಿಮಾ ನಿಗಮದ ವ್ಯಾಪ್ತಿಯಲ್ಲಿದ್ದು ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಸರಾಸರಿ ವೇತನದ ಅರ್ಧದಷ್ಟು ನೆರವು 90 ದಿನಗಳವರೆಗೆ ಸಿಗುವಂತಾಯಿತು. ಹಾಜರಿ ಪುಸ್ತಕದ ಹೊರಗಿನ ಹನ್ನೆರಡು ಮಂದಿಗೆ ಇದಾವುದೂ ಇರಲಿಲ್ಲ. ಅವರ ಪಾಲಿನ ಭವಿಷ್ಯ ನಿಧಿ, ವಿಮೆ, ಬ್ಯಾಂಕು ಎಲ್ಲವೂ ಮಾಲೀಕನೊಬ್ಬನೇ ಆದ. ಅವನ ಕೈಯೂ ಖಾಲಿಯಾಗಿತ್ತು.

ಇಲ್ಲಿ ಇನ್ನೊಂದು ತಪ್ಪೂ ನಡೆಯಿತು. ಹಣದ ಮುಗ್ಗಟ್ಟಿನಲ್ಲಿ ಕೆಲವು ಸಂಸ್ಥೆಗಳು ನೌಕರನ ಸಂಬಳದಿಂದ ಕಡಿದ ಭವಿಷ್ಯ ನಿಧಿಯ ಪಾಲನ್ನು ಕಾಲಕ್ಕೆ ಕಟ್ಟದೆ ವ್ಯಾಪಾರಕ್ಕೆ ತಿರುಗಿಸಿಕೊಂಡವು. ವಿವರಪಟ್ಟಿ ಸಲ್ಲಿಸುವ ಮೊದಲು ಕಟ್ಟಿದರೆ ಸಾಕೆಂಬ ನಂಬಿಕೆ ಆಗ ಇತ್ತು. ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ 2022ರ ಅಕ್ಟೋಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಆ ನಂಬಿಕೆಯನ್ನು ಅಳಿಸಿತು. ನೌಕರನ ಪಾಲನ್ನು ನಿಧಿಯ ಕಾಯಿದೆ ಹೇಳುವ ದಿನಾಂಕದೊಳಗೆ ಕಟ್ಟದಿದ್ದರೆ ಆ ಮೊತ್ತ ಮಾಲೀಕನ ಆದಾಯವೆಂದೇ ಪರಿಗಣಿತವಾಗುತ್ತದೆ. ನೌಕರನ ಹಣವನ್ನು ಬಳಸಿಕೊಂಡದ್ದಕ್ಕೆ ಬಡ್ಡಿಯ ಮೇಲೆ ತೆರಿಗೆಯನ್ನೂ ತೆತ್ತಂತಾಯಿತು.

ಕೆಲಸ ಉಳಿಸಿಕೊಂಡವರ ಸ್ಥಿತಿ ಏನು? ಇವರ ಬಗ್ಗೆ ಬರೆದವರು ಕಡಿಮೆ. ಬೆಂಗಳೂರಿನ ಸಾಫ್ಟ್‌ವೇರ್ ನೌಕರನ ಮನೆಯಿಂದ-ಕೆಲಸದ ಒತ್ತಡ ಪತ್ರಿಕೆಗಳ ಪುಟಗಳನ್ನು ತುಂಬಿತು. ಗಿರಣಿಯ ಗುಮಾಸ್ತನ ಒತ್ತಡಕ್ಕೆ ಹೆಸರೇ ಇರಲಿಲ್ಲ. ಜಿಎಸ್‌ಟಿ ವಿವರಪಟ್ಟಿಗಳ ಗಡುವನ್ನು ಸರ್ಕಾರ ಮುಂದಕ್ಕೆ ಹಾಕುತ್ತಾ ಹೋಯಿತು. ಆದಾಯ ತೆರಿಗೆಯ ದಿನಾಂಕವಂತೂ ಲೆಕ್ಕ ಪರಿಶೋಧನೆ ಇಲ್ಲದವರಿಗೆ 2021ರ ಜನವರಿ 10ರವರೆಗೆ ಜಾರಿತು. ಗಡುವು ಮುಂದೆ ಹೋದರೆ ಕೆಲಸ ಕಡಿಮೆಯಾಗುವುದಿಲ್ಲ. ಆರು ತಿಂಗಳ ಕೆಲಸ ಒಂದೇ ತಿಂಗಳಿಗೆ ಬಂದು ಬೀಳುತ್ತದೆ, ಅದನ್ನು ಮಾಡುವವರು ಮೂವರಿದ್ದಲ್ಲಿ ಒಬ್ಬನಾಗಿರುತ್ತಾನೆ. ರಾತ್ರಿ ಹತ್ತಕ್ಕೆ ಮಾಲೀಕರ ಫೋನು ಬಂದರೆ, ನಾಳೆಯಿಂದ ಬರಬೇಡ ಎನ್ನುವರೇನೋ ಎಂಬ ಅಂಜಿಕೆಯಲ್ಲಿಯೇ ಅದನ್ನು ಎತ್ತುವ ಸ್ಥಿತಿ. ಅಂಥವನು ಬರೆಯುವ ಲೆಕ್ಕದಲ್ಲಿ ತಪ್ಪುಗಳು ಹೆಚ್ಚುವುದು ಸಹಜ. ಹಾಗೆ ನುಸುಳಿದ ತಪ್ಪು ತೆರಿಗೆ ಇಲಾಖೆಯ ನೋಟೀಸಿನ ರೂಪದಲ್ಲಿ ಮರಳಿ ಬರುವಾಗ ವರ್ಷಗಳೇ ಕಳೆದಿರುತ್ತವೆ, ಆ ಗುಮಾಸ್ತ ಬೇರೆ ಅಂಗಡಿಯಲ್ಲಿರುತ್ತಾನೆ.

ಸರ್ಕಾರವೂ ಒತ್ತಡವನ್ನು ಹೆಚ್ಚಿಸುವ ದಾರಿಯನ್ನೇ ಮೊದಲು ಹಿಡಿಯಿತು. 2020ರ ಮೇ 22ರಂದು ಕರ್ನಾಟಕವು ಕಾರ್ಖಾನೆಗಳ ದುಡಿಮೆಯ ಅವಧಿಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳಿಗೆ ಏರಿಸಿ ಅಧಿಸೂಚನೆ ಹೊರಡಿಸಿತು. ವಿರೋಧ ಬಂದು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಜೂನ್ 11ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಂದು ಅದನ್ನು ಸ್ವಾಗತಿಸಿದ ಉದ್ಯಮಿಗಳು ಅದೇ ವರ್ಷದ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದುದನ್ನು ಮರೆಯಬಾರದು. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಬೆಳಗಿನ ಜಾವ ಪಾಳಿ ಮುಗಿಸಿದ ಕಾರ್ಮಿಕರು ದಾಂಧಲೆಗಿಳಿದರು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ತನಿಖೆಯಲ್ಲಿ ಹೊರಬಂದ ಕಾರಣಗಳು ಗಮನಾರ್ಹ. ಅಲ್ಪ ಕಾಲದಲ್ಲಿ ಕಾರ್ಮಿಕರ ಸಂಖ್ಯೆ ದುಪ್ಪಟ್ಟಾಗಿತ್ತು, ಹಾಜರಿ ದಾಖಲೆಯಲ್ಲಿ ದೋಷಗಳಿದ್ದವು, ಹೆಚ್ಚುವರಿ ದುಡಿಮೆಯ ವೇತನ ಸರಿಯಾಗಿ ಪಾವತಿಯಾಗಿರಲಿಲ್ಲ, ಮೂರನೆಯವರ ಮೂಲಕ ನೇಮಕವಾದವರಿಗೆ ಕೇಳಲು ಯಾರೂ ಇರಲಿಲ್ಲ. ಕಂಪನಿಯು ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಇಷ್ಟು ದೊಡ್ಡ ಸಂಸ್ಥೆಯನ್ನು ಅಲುಗಿಸಿದ್ದು ಹಾಜರಿ ಪುಸ್ತಕ. ಹತ್ತಾರು ಮಂದಿಯ ಗಿರಣಿಯಲ್ಲಿ ಕಲ್ಲು ಬೀಳುವುದಿಲ್ಲ. ಅಲ್ಲಿ ನಂಬಿಕಸ್ಥ ಆಪರೇಟರ್ ಹಂಗಾಮಿನ ಮಧ್ಯದಲ್ಲಿ ಪಕ್ಕದ ಗಿರಣಿಗೆ ಹೋಗುತ್ತಾನೆ.

ಮಾಲೀಕನ ಪಕ್ಷವನ್ನೂ ಹೇಳಬೇಕು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಕಂತು ಮುಂದೂಡಿಕೆ ಆಗಸ್ಟ್ 31ರವರೆಗೆ ನಡೆಯಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಬಂದ ತುರ್ತು ಸಾಲ ಖಾತರಿ ಯೋಜನೆ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ. 20ರಷ್ಟನ್ನು ಹೊಸ ಒತ್ತೆಯಿಲ್ಲದೆ ಕೊಡಿಸಿತು. ಅದು ಸಾಲವೇ, ತೀರಿಸಬೇಕಾದದ್ದೇ. ಮೊದಲೇ ಸಾಲವಿಲ್ಲದೆ ಸ್ವಂತ ಬಂಡವಾಳದಲ್ಲಿ ವ್ಯಾಪಾರ ನಡೆಸಿದವನಿಗೆ ಶೇ. 20 ಎಂದರೆ ಸೊನ್ನೆ. ಶಿಸ್ತಿನಿಂದ ಬದುಕಿದವನಿಗೆ ಯೋಜನೆಯೇ ಇರಲಿಲ್ಲವೆಂಬ ದೂರು ನ್ಯಾಯವಾದದ್ದು. ಹೀಗಿರುವಾಗ 54 ದಿನಗಳ ಪೂರ್ಣ ಸಂಬಳವನ್ನು ಎಲ್ಲ ಸಣ್ಣ ಮಾಲೀಕರಿಂದಲೂ ನಿರೀಕ್ಷಿಸುವುದು ಸಾಧ್ಯವಿರಲಿಲ್ಲ.

ಆದರೆ ಪೂರ್ಣ ಸಂಬಳಕ್ಕೂ ಮೌನಕ್ಕೂ ಮಧ್ಯದಲ್ಲಿ ಬಹಳಷ್ಟು ಜಾಗವಿತ್ತು. ಜರ್ಮನಿಯಲ್ಲಿ ಬೇಡಿಕೆ ಕುಸಿದಾಗ ಜನರನ್ನು ತೆಗೆಯುವ ಬದಲು ಎಲ್ಲರ ಗಂಟೆಗಳನ್ನು ಕಡಿಮೆ ಮಾಡಿ, ಕಳೆದ ವೇತನದ ಒಂದು ಭಾಗವನ್ನು ಸರ್ಕಾರಿ ನಿಧಿಯಿಂದ ತುಂಬುವ ಪದ್ಧತಿ ಹಿಂದಿನಿಂದಲೂ ಇದೆ. ಸರ್ಕಾರದ ನಿಧಿ ಇಲ್ಲಿಲ್ಲ. ಗಂಟೆಗಳನ್ನು ಹಂಚಿಕೊಳ್ಳಲು ನಿಧಿ ಬೇಕಾಗಿಲ್ಲ. ಇಪ್ಪತ್ತು ಮಂದಿಯಲ್ಲಿ ಹತ್ತು ಮಂದಿಯನ್ನು ‘ಆಮೇಲೆ ಹೇಳಿ ಕಳಿಸ್ತೀನಿ’ ಎಂದು ಕಳಿಸುವುದಕ್ಕಿಂತ, ಇಪ್ಪತ್ತು ಮಂದಿಗೂ ದಿನ ಬಿಟ್ಟು ದಿನ ಕೆಲಸ, ಅರ್ಧ ಸಂಬಳ, ಇಂಥ ತಿಂಗಳಿನವರೆಗೆ ಎಂದು ಹೇಳಿದರೆ ಮಾಲೀಕನಿಗಾಗುವ ಖರ್ಚು ಅಷ್ಟೇ. ಅರ್ಧ ಸಂಬಳವೆಂದು ಖಚಿತವಾಗಿ ತಿಳಿದವನು ಉಳಿದರ್ಧಕ್ಕೆ ದಾರಿ ಹುಡುಕಬಲ್ಲ. 2020ರ ಏಪ್ರಿಲ್‌ನಿಂದ ಉದ್ಯೋಗ ಖಾತರಿಯ ದಿನಗೂಲಿ ರಾಜ್ಯದಲ್ಲಿ 275 ರೂಪಾಯಿಗೆ ಏರಿತ್ತು. ಪೇಟೆಯ ಕೆಲಸ ಬಿಟ್ಟು ಕೆರೆ ಹೂಳಿನ ಕೆಲಸಕ್ಕೆ ಹೋಗಬೇಕೋ, ಸಾಹುಕಾರರ ಕರೆಗೆ ಕಾಯಬೇಕೋ ಎಂದು ತೂಗುವವನಿಗೆ ತೂಕದ ಒಂದು ತಟ್ಟೆಯಾದರೂ ಕಾಣಬೇಕು.

2021ರಲ್ಲಿ ಈ ಪಾಠ ಉಪಯೋಗಕ್ಕೆ ಬರಬಹುದಾಗಿತ್ತು. ಆ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರದಿಂದ ಸುಮಾರು ಎರಡು ವಾರ ಬಸ್ಸುಗಳು ನಿಂತವು. ತಮ್ಮ ವೇತನದ ಅಭದ್ರತೆಗಾಗಿ ಬೀದಿಗಿಳಿದವರು ಅವರು, ಪರಿಣಾಮವಾಗಿ ಗಿರಣಿಗೆ ಬರಲಾಗದೆ ದಿನಗೂಲಿ ಕಳೆದುಕೊಂಡವರು ಇವರು. ಏಪ್ರಿಲ್ 17ರಂದು ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಮತದಾನ. ಅದಕ್ಕೆ ಮುಂಚಿನ ಸಭೆ, ಮೆರವಣಿಗೆಗಳಿಗೆ ಸೋಂಕಿನ ಭಯವಿರಲಿಲ್ಲ. ಮತದಾನವಾಗಿ ಹತ್ತು ದಿನಗಳಿಗೆ ಅಂಗಡಿಗಳ ಬಾಗಿಲಿಗೆ ಆ ಭಯ ಬಂದಿತು. ಈ ಸಲ ವೇತನ ಕೊಡಬೇಕೆಂಬ ಆದೇಶ ಕೇಂದ್ರದಿಂದಲೂ ಬರಲಿಲ್ಲ. ಮೊದಲ ವರ್ಷ ನೌಕರನಿಗೆ ಕಾಗದದ ಮೇಲಾದರೂ ಒಂದು ಆಸರೆಯಿತ್ತು. ಎರಡನೆಯ ವರ್ಷ ಅದೂ ಇಲ್ಲದೆ, ಮನೆಮನೆಯಲ್ಲಿ ಜ್ವರವಿದ್ದಾಗ ರಜೆ ಕೇಳಲೂ ಹೆದರಿದವರಿದ್ದರು. ಜ್ವರವನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದ ಒಬ್ಬನಿಂದ ಇಡೀ ಗಿರಣಿ ನಿಲ್ಲಬಹುದೆಂಬ ಲೆಕ್ಕವನ್ನು ಮಾಡಿದ ಮಾಲೀಕರು ರಜೆಯ ಸಂಬಳ ಕೊಟ್ಟರು. ಅವರಿಗೆ ಅದು ಅಗ್ಗವಾಯಿತು.

ಇದೆಲ್ಲ ಕಳೆದ ಕಥೆಯೆಂದು ಮುಗಿಸುವಂತಿಲ್ಲ. ತುಂಗಭದ್ರೆಯನ್ನು ನಂಬಿದ ಈ ಪ್ರದೇಶಕ್ಕೆ ಸೋಂಕಿಲ್ಲದ ಲಾಕ್‌ಡೌನ್‌ಗಳು ಬರುತ್ತಲೇ ಇವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ್ದರಿಂದ ಆ ವರ್ಷ ಬಚಾವಾಯಿತು. ಎಲ್ಲ 33 ಗೇಟುಗಳನ್ನು ಬದಲಾಯಿಸುವ ಸಲುವಾಗಿ 2025–26ರ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನ ಅನಂತರ ಬಂದಿತು. ಎರಡನೆಯ ಬೆಳೆ ಇಲ್ಲವೆಂದರೆ ಗಿರಣಿಗೆ ಬರುವ ಭತ್ತ, ಹಮಾಲನ ಚೀಲ, ಲಾರಿಯ ಬಾಡಿಗೆ, ಗೊಬ್ಬರದಂಗಡಿಯ ವಹಿವಾಟು ಎಲ್ಲವೂ ಕುಗ್ಗುತ್ತವೆ. ರೈತನಿಗೆ ಪರಿಹಾರದ ಬೇಡಿಕೆಯನ್ನಿಡಲು ಸಂಘಟನೆಗಳಿವೆ. ಗೊರೇಬಾಳದಿಂದ ಪೇಟೆಗೆ ಬರುವ ಗುಮಾಸ್ತನ ಪರವಾಗಿ ಬೇಡಿಕೆ ಇಡುವವರು ಯಾರೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಅವನ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಇಂದಿಗೂ ಅವನಲ್ಲಿದೆ.

ಮಧ್ಯದಲ್ಲಿ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹತ್ತು ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು. ಮಾಸಿಕ ವೇತನ ಮುಂದಿನ ತಿಂಗಳ 7ರೊಳಗೆ ಪಾವತಿಯಾಗಬೇಕು. ಕೆಲಸದಿಂದ ತೆಗೆದಾಗ ಅಥವಾ ನೌಕರ ತಾನಾಗಿ ಬಿಟ್ಟಾಗ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಚುಕ್ತಾ ಆಗಬೇಕು. ಐವತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗೆ ಕೆಲಸವಿಲ್ಲದ ದಿನಗಳ ಪರಿಹಾರದ ಹೊಣೆ ಈಗಲೂ ಇಲ್ಲ. ಅಂದರೆ ಸಣ್ಣ ಗಿರಣಿಯ ನೌಕರನಿಗೆ ಕಾಲುವೆ ಒಣಗಿದ ತಿಂಗಳುಗಳಲ್ಲಿ ಏನು ಸಿಗಬೇಕೆಂಬುದನ್ನು ಸಂಹಿತೆ ಹೇಳುವುದಿಲ್ಲ, ಅವನ ನೇಮಕಾತಿ ಪತ್ರ ಹೇಳಬೇಕು.

ಪೇಟೆಯಲ್ಲಿ ಈಗ ನಡೆಯುತ್ತಿರುವುದು ಮುದ್ರಿತ ನಮೂನೆಯ ವ್ಯಾಪಾರ. ಹೆಸರು, ಹುದ್ದೆ, ಸಂಬಳ ತುಂಬಿ ಸಹಿ ಹಾಕಿಸಿ ಕಡತಕ್ಕೆ ಸೇರಿಸಿದರೆ ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಸಾಕು. ಅಷ್ಟಕ್ಕೇ ನಿಲ್ಲದೆ ಅದರಲ್ಲಿ ಮೂರು ನಾಲ್ಕು ಸಾಲುಗಳನ್ನು ಹೆಚ್ಚಾಗಿ ಬರೆಯುವುದು ಕಷ್ಟವಲ್ಲ: ಸರ್ಕಾರದ ಆದೇಶದಿಂದಾಗಲಿ ಕಾಲುವೆಯ ನೀರು ನಿಂತಾಗಲಿ ಗಿರಣಿ ಮುಚ್ಚಿದರೆ ಮೊದಲ ತಿಂಗಳಿಗೆ ಸಂಬಳದ ಎಷ್ಟು ಭಾಗ, ಎರಡನೆಯ ತಿಂಗಳಿಗೆ ಎಷ್ಟು, ಆಮೇಲೆ ಕೆಲಸ ಹಂಚಿಕೊಳ್ಳುವ ಕ್ರಮ ಯಾವುದು, ಆಗ ಕೊಟ್ಟ ಹಣ ಸಂಬಳವೋ ಮುಂಗಡವೋ, ಮುಂಗಡವಾದರೆ ತಿಂಗಳಿಗೆ ಎಷ್ಟರಂತೆ ಕಡಿತ. ಮಾಲೀಕನ ಶಕ್ತಿ ಮೊದಲ ತಿಂಗಳಿಗೆ ಕಾಲು ಭಾಗವೇ ಆಗಿದ್ದರೆ ಕಾಲು ಭಾಗವೆಂದೇ ಬರೆಯಬಹುದು. ಅದಕ್ಕಾಗಿ ಪ್ರತಿ ಹಂಗಾಮಿನ ಲಾಭದಿಂದ ಒಂದಷ್ಟನ್ನು ಬೇರೆ ಠೇವಣಿಯಲ್ಲಿಡುವುದು ಸೂಕ್ತ. ಬರೇ ಲೆಕ್ಕದಲ್ಲಿ ತೋರಿಸುವ ಮೀಸಲಿಗೆ ಆದಾಯ ತೆರಿಗೆಯ ರಿಯಾಯಿತಿ ಸಿಗದು, ಕೊಟ್ಟ ವರ್ಷ ವೆಚ್ಚವಾಗುತ್ತದೆ. ಹಾಜರಿ ಪುಸ್ತಕದ ಹೊರಗಿರುವ ಹನ್ನೆರಡು ಮಂದಿಯನ್ನು ಒಳಗೆ ತರುವ ಕೆಲಸವೂ ಇದರ ಜೊತೆಗೇ ಆಗಬೇಕು. ಅದಕ್ಕೆ ತಗಲುವ ವಂತಿಗೆ ಎಷ್ಟೆಂದು ಲೆಕ್ಕ ಹಾಕುವಾಗ 2020ರ ಆ ಆರು ತಿಂಗಳಲ್ಲಿ ತಮ್ಮ ಗಿರಣಿಗೆ ಬಾರದೆ ಹೋದ ಮೊತ್ತವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಒಳಿತು.

ಹಳೆಯ ಮುಂಗಡಗಳು ಉಳಿದಿವೆ. ಲಾಕ್‌ಡೌನ್ ತಿಂಗಳುಗಳಲ್ಲಿ ಕೊಟ್ಟು ಈವರೆಗೂ ಒಬ್ಬ ನೌಕರನ ಹೆಸರಿನಲ್ಲಿ ನಿಂತಿರುವ ಬಾಕಿಯಿದ್ದರೆ, ಮುಂದಿನ ಲೆಕ್ಕಪತ್ರ ಮುಗಿಯುವ ಮೊದಲು ಅವನನ್ನು ಕರೆದು, ಅದನ್ನು ತೀರಿತೆಂದು ಬರೆದು, ಆ ಸಾಲಿನ ಕೆಳಗೆ ಅವನ ಸಹಿಯನ್ನೂ ಪಡೆಯಬೇಕು. ಕೆಲಸ ಬಿಟ್ಟು ಹೋದವರ ಬಾಕಿಯನ್ನು ವ್ಯಾಪಾರದ ನಷ್ಟವೆಂದು ತೆಗೆಯಲು ಸಾಧ್ಯವೇ ಎಂಬುದು ಆಯಾ ಸಂಸ್ಥೆಯ ದಾಖಲೆಗಳನ್ನು ಅವಲಂಬಿಸಿದೆ. ಕೊಟ್ಟ ದಿನಾಂಕ, ಕೊಟ್ಟ ಕಾರಣ, ವಸೂಲಿಗೆ ಮಾಡಿದ ಪ್ರಯತ್ನ ಇವುಗಳ ಕಾಗದವಿದ್ದವರು ಈ ವರ್ಷವೇ ಅದನ್ನು ಪರಿಶೀಲಿಸಬಹುದು.